ಗಣಕಯಂತ್ರದಲ್ಲಿ ಸಮಯವಿಚಾರ

‘ಸಮಯ’ ಎಂಬ ಶಬ್ದಕ್ಕೆ ಕಾಲವೆಂಬ ಅರ್ಥವು ಲೋಕರೂಢಿಯಲ್ಲಿ ಪ್ರಸಿದ್ಧವಾದುದು. ಆದರೆ ಅಮರಕೋಶದ ನಾನಾರ್ಥವರ್ಗವನ್ನು ಕಂಠಪಾಠ ಮಾಡಿದವರಿಗೆ ಆ ಶಬ್ದದ ಉಳಿದ ಅರ್ಥಗಳೂ ನೆನಪಿರುತ್ತವೆ: ಆಣೆ, ಆಚಾರ, ಸಿದ್ಧಾಂತ, ಒಡಂಬಡಿಕೆ. ಆಲಂಕಾರಿಕರು ‘ಕವಿಸಮಯ’ ಎನ್ನುವಾಗ ಹಿಡಿದಿರುವುದು ಈ ಒಡಂಬಡಿಕೆಯ ಅರ್ಥವನ್ನೇ. ಚಕೋರವು ಬೆಳದಿಂಗಳನ್ನು ಕುಡಿಯುವುದನ್ನಾಗಲಿ, ಹಂಸವು ನೀರನ್ನುಳಿದು ಹಾಲನ್ನಷ್ಟೇ ಹೀರುವುದನ್ನಾಗಲಿ ಯಾವ ಕವಿಯೂ ಕಣ್ಣಾರೆ ಕಂಡವನಲ್ಲ. ಆದರೂ ಹೇಳುವವನೂ ಕೇಳುವವನೂ ಮೊದಲೇ ಒಪ್ಪಿಕೊಂಡಿರುವುದರಿಂದ ಅರ್ಥಪ್ರತೀತಿಗೆ ಅಡ್ಡಿಯಾಗದು. ಪ್ರಕೃತಿಯಲ್ಲಿ ಇಲ್ಲದೆ, ಬಳಸುವವರ ಒಪ್ಪಿಗೆಯಲ್ಲಿ ಮಾತ್ರ ನೆಲೆಗೊಂಡಿರುವ ನಿಯಮಕ್ಕೆ ಸಮಯವೆಂದು ಹೆಸರು. ಇಂತಹ ಸಮಯವೊಂದು ಗಣಕಯಂತ್ರದ ಒಡಲಿನಲ್ಲಿಯೂ ಇದೆ. ತಜ್ಞರು ಅದನ್ನು ಕಾಲಿಂಗ್ ಕನ್ವೆನ್ಶನ್ ಎನ್ನುತ್ತಾರೆ. ಈ ಲೇಖನದಲ್ಲಿ ಅದನ್ನು ‘ಕರೆಯ ಸಮಯ’ ಎಂದು ಕರೆಯೋಣ.

ಕನ್ನಡ ಪಂಡಿತನಿಗೆ ಈ ಗೊಡವೆ ಏಕೆಂದು ಕೆಲವರು ಕೇಳಬಹುದು. ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ದಾರಿಯಲ್ಲಿ, ಮಚ್ಛೆಯ ಬಳಿ, ೧೯೯೮ರಲ್ಲಿ ಸ್ಥಾಪಿತವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ‘ಜ್ಞಾನಸಂಗಮ’ ಆವರಣವಿದೆ. ಉದ್ಯಮಬಾಗದಲ್ಲಿ ಗೋಗಟೆ ತಾಂತ್ರಿಕ ಮಹಾವಿದ್ಯಾಲಯವು ೧೯೭೯ರಿಂದ ನಡೆದುಕೊಂಡು ಬಂದಿದೆ. ಖಾನಾಪುರ ತಾಲೂಕಿನ ಹಳ್ಳಿಗಳಿಂದ ಬಂದು ನಮ್ಮಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗರು ಇಂತಹ ವಿದ್ಯಾಲಯಗಳಲ್ಲಿ ಇಂಜಿನಿಯರಿಂಗ್ ಕಲಿಯುತ್ತಾರೆ. ೮೦೫೧ ಎಂಬ ಹಳೆಯ ಮೈಕ್ರೊಕಂಟ್ರೋಲರೂ ಆರ್ಮ್ ವಂಶದ ಪ್ರೊಸೆಸರುಗಳೂ ಅವರಿಗೆ ಪಾಠಕ್ಕೆ ಬರುತ್ತವೆ. ರಜೆಯಲ್ಲಿ ಬಂದಾಗ ಅವರು ಪುಸ್ತಕಗಳನ್ನು ತೋರಿಸುವುದುಂಟು. ಈ ಅಧ್ಯಾಯವು ತಲೆಗೆ ಹತ್ತುವುದಿಲ್ಲ, ಇಂಗ್ಲಿಷು ತೊಡಕು ಎಂದು ಅವರ ದೂರು. ಅವರಿಂದಲೇ ಪಾಠ ಹೇಳಿಸಿಕೊಂಡು ಅಧ್ಯಾಯವನ್ನು ಓದಿ ನೋಡಿದಾಗ ನನಗೆ ಕಂಡುದು ಬೇರೆ. ತೊಡಕು ಭಾಷೆಯದಲ್ಲ, ಒಡಂಬಡಿಕೆಯನ್ನು ಪ್ರಕೃತಿನಿಯಮವೆಂದು ಭಾವಿಸಿ ಉರುಹೊಡೆಯುವುದರದು. ನೀರು ತಗ್ಗಿಗೆ ಹರಿಯುತ್ತದೆ ಎಂಬ ಮಾತೂ ರಸ್ತೆಯ ಎಡಬದಿಯಲ್ಲಿ ಸಾಗಬೇಕು ಎಂಬ ಮಾತೂ ಒಂದೇ ಜಾತಿಯವಲ್ಲವಷ್ಟೆ? ಎರಡನೆಯದನ್ನು ಮುರಿದರೆ ರಸ್ತೆಯೇನೂ ತಡೆಯುವುದಿಲ್ಲ. ಎದುರಿಗೆ ಬಂಡಿ ಬಂದಾಗ ಮಾತ್ರ ಫಲ ತಿಳಿಯುತ್ತದೆ.

ಮೊದಲು ಉಪವಿಧಿಯೆಂದರೇನು? ಒಂದೇ ಲೆಕ್ಕವನ್ನು ಹತ್ತು ಕಡೆ ಮಾಡಬೇಕಾದಾಗ ಅದರ ಆಜ್ಞೆಗಳನ್ನು ಹತ್ತು ಸಲ ಬರೆಯದೆ ಒಂದೆಡೆ ಬರೆದಿಟ್ಟು, ಬೇಕಾದಾಗ ಅಲ್ಲಿಗೆ ಹೋಗಿ ಬರುವ ಏರ್ಪಾಡು. ಸಬ್‌ರೂಟೀನು, ಫಂಕ್ಷನ್ನು ಎಂದು ಹೇಳುವುದು ಇದನ್ನೇ. ಹೋಗುವುದು ಸುಲಭ, ಹೊರಟ ಸ್ಥಳವನ್ನು ನೆನಪಿಟ್ಟು ಮರಳುವುದೇ ಕಷ್ಟ. ೧೯೪೯ರಲ್ಲಿ ಇಂಗ್ಲೆಂಡಿನ ಕೇಂಬ್ರಿಜಿನಲ್ಲಿ ಎಡ್‌ಸ್ಯಾಕ್ ಯಂತ್ರವು ನಡೆಯತೊಡಗಿದಾಗ ಡೇವಿಡ್ ವೀಲರ್ ಎಂಬ ತರುಣನು ಇದಕ್ಕೊಂದು ಉಪಾಯ ಹೂಡಿದನು. ಕರೆಯುವವನು ತಾನಿದ್ದ ಜಾಗದ ಗುರುತನ್ನು ಕೈಯಲ್ಲಿ ಹಿಡಿದು ಹೋಗುವನು. ಉಪವಿಧಿಯು ಆ ಗುರುತಿನಿಂದ ಮರಳುವ ಆಜ್ಞೆಯನ್ನು ಸಿದ್ಧಪಡಿಸಿ ತನ್ನ ಕೊನೆಯ ಸಾಲಿನಲ್ಲಿ ತಾನೇ ಬರೆದುಕೊಳ್ಳುವುದು. ಜಾಣತನದ ಉಪಾಯವೇ ಸರಿ. ಆದರೆ ಮರಳುವ ದಾರಿಯನ್ನು ಬರೆದುಕೊಳ್ಳಲು ಒಂದೇ ಸಾಲು ಇರುವುದರಿಂದ, ಒಬ್ಬನ ಕೆಲಸ ಮುಗಿಯುವ ಮೊದಲೇ ಮತ್ತೊಬ್ಬನು ಅದೇ ಉಪವಿಧಿಯನ್ನು ಕರೆದರೆ ಮೊದಲಿನವನ ದಾರಿ ಅಳಿಸಿಹೋಗುತ್ತದೆ. ಈ ದೋಷವನ್ನು ವಾಚಕರು ನೆನಪಿನಲ್ಲಿಟ್ಟಿರಬೇಕು. ಮುಂದೆ ಅದು ಬೇರೆ ವೇಷದಲ್ಲಿ ಬರುತ್ತದೆ.

ವೀಲರನಿಗಿಂತ ಮುಂಚೆಯೇ, ೧೯೪೫ರಲ್ಲಿ ಬರೆದ ವರದಿಯೊಂದರಲ್ಲಿ ಅಲನ್ ಟ್ಯೂರಿಂಗನು ಬೇರೊಂದು ಮಾರ್ಗವನ್ನು ಸೂಚಿಸಿದ್ದನು. ಮರಳುವ ಗುರುತನ್ನು ‘ಹೂಳುವುದು’, ಬೇಕಾದಾಗ ‘ತೋಡಿ ತೆಗೆಯುವುದು’ ಎಂಬ ಅರ್ಥದ ಮಾತುಗಳನ್ನೇ ಅವನು ಬಳಸಿದ್ದಾನೆ. ನಮ್ಮ ಸೀಮೆಯವರಿಗೆ ಇದಕ್ಕೆ ಭಾಷ್ಯ ಬೇಕಿಲ್ಲ: ಇದು ಹಗೇವು. ಹಗೇವಿಗೆ ಮೊದಲು ಸುರಿದ ಜೋಳ ತಳದಲ್ಲಿರುತ್ತದೆ, ಕೊನೆಗೆ ಸುರಿದುದು ಮೊದಲು ಕೈಗೆ ಬರುತ್ತದೆ. ಕರೆಗಳ ಸ್ವಭಾವವೂ ಹಾಗೆಯೇ. ಒಂದನೆಯ ವಿಧಿಯು ಎರಡನೆಯದನ್ನು, ಎರಡನೆಯದು ಮೂರನೆಯದನ್ನು ಕರೆದರೆ ಮೊದಲು ಮರಳಬೇಕಾದುದು ಮೂರನೆಯದು. ಗಣಕಶಾಸ್ತ್ರದಲ್ಲಿ ಸ್ಟ್ಯಾಕ್ ಎಂಬುದು ಇದೇ. ೧೯೮೦ರಲ್ಲಿ ಇಂಟೆಲ್ ಸಂಸ್ಥೆಯು ಹೊರತಂದ ೮೦೫೧ರಲ್ಲಿ ಕರೆಯ ಆಜ್ಞೆಯು ಮರಳುವ ವಿಳಾಸದ ಎರಡು ಬೈಟುಗಳನ್ನು ತಾನಾಗಿಯೇ ಹಗೇವಿಗೆ ಹಾಕುತ್ತದೆ. ಆರ್ಮ್ ಪ್ರೊಸೆಸರಿನಲ್ಲಾದರೋ ಆ ವಿಳಾಸವು ಮೊದಲು ಲಿಂಕ್ ರಿಜಿಸ್ಟರೆಂಬ ಕೈಚೀಲಕ್ಕೆ ಬರುತ್ತದೆ. ಕರೆಸಿಕೊಂಡ ವಿಧಿಯು ತಾನು ಮತ್ತೊಂದನ್ನು ಕರೆಯುವುದಿದ್ದರೆ ಮಾತ್ರ ಅದನ್ನು ಹಗೇವಿಗೆ ಇಳಿಸಬೇಕು. ಯಾರನ್ನೂ ಕರೆಯದ ಚಿಕ್ಕ ವಿಧಿಗೆ ಹಗೇವಿನ ಬಾಯಿ ತೆರೆಯುವ ಶ್ರಮವೂ ಇಲ್ಲ.

ಮರಳುವ ದಾರಿ ಹೀಗಾಯಿತು. ಇನ್ನು ಕರೆಯುವವನು ಕೆಲಸದ ಸಾಮಗ್ರಿಯನ್ನು ಹೇಗೆ ಕೊಡಬೇಕು? ‘ಅಣ್ಣನು ತಮ್ಮನಿಗೆ ಹಣ್ಣನ್ನು ಕೊಟ್ಟನು’ ಎಂಬ ವಾಕ್ಯದ ಪದಗಳನ್ನು ಹಿಂದುಮುಂದು ಮಾಡಿದರೂ ಕೊಟ್ಟವನು ಅಣ್ಣನೇ, ಪಡೆದವನು ತಮ್ಮನೇ. ಕಾರಕವನ್ನು ವಿಭಕ್ತಿಪ್ರತ್ಯಯವು ಹೊತ್ತಿರುವುದರಿಂದ ಪದದ ಸ್ಥಾನಕ್ಕೆ ಆ ಹೊರೆಯಿಲ್ಲ. ಇಂಗ್ಲಿಷಿನಲ್ಲಿ ಹಾಗಲ್ಲ, ಕರ್ತೃ ಕರ್ಮಗಳನ್ನು ಸ್ಥಾನವೇ ನಿರ್ಣಯಿಸುತ್ತದೆ. ಪ್ರೊಸೆಸರಿನ ಭಾಷೆಯು ಈ ವಿಷಯದಲ್ಲಿ ಇಂಗ್ಲಿಷಿನ ಪಕ್ಷ, ಅದಕ್ಕಿಂತಲೂ ಕಠಿಣ. ಅದರ ಒಳಗೆ ರಿಜಿಸ್ಟರುಗಳೆಂಬ ಕೆಲವೇ ಗೂಡುಗಳಿವೆ, ಗೂಡಿನಲ್ಲಿ ಇರುವುದು ಬರಿಯ ಅಂಕಿ. ಅದು ಮೋಟಾರಿನ ವೇಗವೋ, ತಿರುಗುವ ದಿಕ್ಕೋ ಎಂದು ಹೇಳುವ ಪ್ರತ್ಯಯವಿಲ್ಲ. ಆದುದರಿಂದ ಆರ್ಮ್ ಬಳಗದವರು ಒಡಂಬಡಿಕೆ ಮಾಡಿಕೊಂಡಿದ್ದಾರೆ: ಮೊದಲನೆಯ ಸಾಮಗ್ರಿ ಆರ್-೦ ಎಂಬ ಗೂಡಿನಲ್ಲಿ, ಎರಡನೆಯದು ಆರ್-೧ರಲ್ಲಿ, ಹೀಗೆ ಆರ್-೩ರ ವರೆಗೆ, ಅವು ತುಂಬಿದ ಮೇಲೆ ಉಳಿದುದು ಹಗೇವಿನಲ್ಲಿ, ಫಲವು ಆರ್-೦ದಲ್ಲಿಯೇ ಮರಳಿ ಬರತಕ್ಕದ್ದು. ವೇಗವನ್ನು ಮೊದಲಿಟ್ಟು ಕರೆದವನೂ ದಿಕ್ಕು ಮೊದಲೆಂದು ಭಾವಿಸಿ ಬರೆದವನೂ ಸೇರಿದರೆ ಯಂತ್ರವು ಆಕ್ಷೇಪಿಸದೆ ತಪ್ಪು ಕೆಲಸವನ್ನು ಸರಿಯಾಗಿ ಮಾಡುತ್ತದೆ.

ಇದು ಯಂತ್ರದ ಧರ್ಮವಲ್ಲ, ಮನುಷ್ಯರ ಸಮಯ ಎಂಬುದಕ್ಕೆ ೮೦೫೧ ಒಳ್ಳೆಯ ದೃಷ್ಟಾಂತ. ಯಂತ್ರ ಒಂದೇ, ಆದರೆ ಕೈಲ್ ಸಂಸ್ಥೆಯ ಕಂಪೈಲರು ಒಂದು ಬೈಟಿನ ಮೊದಲ ಸಾಮಗ್ರಿಯನ್ನು ಆರ್-೭ರಲ್ಲಿ, ಎರಡನೆಯದನ್ನು ಆರ್-೫ರಲ್ಲಿ, ಮೂರನೆಯದನ್ನು ಆರ್-೩ರಲ್ಲಿ ಇಡುತ್ತದೆ. ಎಸ್.ಡಿ.ಸಿ.ಸಿ. ಎಂಬ ಉಚಿತ ಕಂಪೈಲರು ಮೊದಲನೆಯದನ್ನು ಡಿ.ಪಿ.ಎಲ್. ಎಂಬ ಬೇರೆಯೇ ಗೂಡಿನಲ್ಲಿ ಇಡುತ್ತದೆ. ಒಂದೇ ಊರಿನಲ್ಲಿ ಎರಡು ಸಂಪ್ರದಾಯ! ಒಂದರ ಶಿಷ್ಯನು ಕೈಯಾರೆ ಬರೆದ ಉಪವಿಧಿಯನ್ನು ಇನ್ನೊಂದರವನು ಕರೆದರೆ, ಅವನು ಕೊಟ್ಟುದು ಇವನಿಗೆ ತಲುಪದು. ಇಬ್ಬರೂ ತಮ್ಮ ತಮ್ಮ ಶಾಸ್ತ್ರಕ್ಕೆ ಬದ್ಧರೇ.

ವಿಷಯದ ಗಟ್ಟಿತಿರುಳು ಇರುವುದು ಮುಂದಿನ ಭಾಗದಲ್ಲಿ. ರಿಜಿಸ್ಟರುಗಳು ಕೆಲವೇ ಇರುವುದರಿಂದ ಕರೆಯುವವನೂ ಕರೆಸಿಕೊಂಡವನೂ ಅವನ್ನೇ ಹಂಚಿಕೊಳ್ಳಬೇಕು. ನಮ್ಮ ತರಗತಿಯ ಕರಿಹಲಗೆಯನ್ನು ನೆನೆಯಿರಿ. ಒಬ್ಬ ಉಪಾಧ್ಯಾಯರು ಪಾಠದ ನಡುವೆ ಮತ್ತೊಬ್ಬರನ್ನು ಕರೆದು, ‘ಈ ಲೆಕ್ಕವನ್ನಿಷ್ಟು ಬಿಡಿಸಿಕೊಡಿ’ ಎನ್ನುತ್ತಾರೆ. ಹಲಗೆ ಒಂದೇ. ಬಂದವರು ಬರೆಯಬೇಕಾದರೆ ಇದ್ದುದನ್ನು ಒರೆಸಬೇಕು. ಹಲಗೆಯ ಮೇಲಿರುವುದನ್ನು ಉಳಿಸಿಕೊಳ್ಳುವ ಹೊಣೆ ಯಾರದು? ಕರೆದವರದೇ ಎಂದರೆ ಅವರು ಪ್ರತಿ ಸಲವೂ ಹಲಗೆಯೆಲ್ಲವನ್ನೂ ವಹಿಯಲ್ಲಿ ಬರೆದುಕೊಳ್ಳಬೇಕು. ಬಂದವರು ಒಂದು ಮೂಲೆಯನ್ನಷ್ಟೇ ಬಳಸಿದರೂ ಆ ಶ್ರಮ ತಪ್ಪದು. ಬಂದವರದೇ ಎಂದರೆ, ಕರೆದವರಿಗೆ ಬೇಡವಾದುದನ್ನೂ ಅವರು ಕಾಪಾಡಿ ಮರಳಿ ಬರೆಯಬೇಕು. ಆರ್ಮ್ ಬಳಗದವರು ಹಲಗೆಗೆ ನಡುವೆ ಗೆರೆ ಎಳೆದರು. ಎಡಭಾಗವಾದ ಆರ್-೦ದಿಂದ ಆರ್-೩, ಜೊತೆಗೆ ಆರ್-೧೨, ಬಂದವರಿಗೆ ಬಿಟ್ಟ ಜಾಗ. ಅಲ್ಲಿ ಬೇಕಾದುದೇನಾದರೂ ಇದ್ದರೆ ಕರೆಯುವ ಮೊದಲೇ ಕರೆಯುವವರು ಬರೆದಿಟ್ಟುಕೊಳ್ಳಬೇಕು. ಬಲಭಾಗವಾದ ಆರ್-೪ರಿಂದ ಆರ್-೧೧ ಕರೆದವರ ಸ್ವತ್ತು. ಬಂದವರು ಅದನ್ನು ಮುಟ್ಟದಿರಬೇಕು, ಮುಟ್ಟಿದರೆ ಇದ್ದುದನ್ನು ಹಗೇವಿನಲ್ಲಿಟ್ಟು, ಹೋಗುವಾಗ ಇದ್ದಂತೆ ಬರೆದು ಹೋಗಬೇಕು. ಪಾಠಪುಸ್ತಕಗಳು ಈ ರಿಜಿಸ್ಟರುಗಳ ಪಟ್ಟಿಯನ್ನು ಕೊಡುತ್ತವೆ, ಹುಡುಗರು ಅದನ್ನು ಒಪ್ಪಿಸುತ್ತಾರೆ. ಗೆರೆ ಎಳೆದ ಕಾರಣವನ್ನು ಕೇಳಿದರೆ ಮೌನ. ಆ ಕಾರಣವನ್ನು ಮೊದಲು ಹೇಳಿದರೆ ಪಟ್ಟಿಯು ತಾನಾಗಿ ನೆನಪಿರುತ್ತದೆ ಎಂಬುದು ನನ್ನ ಅನುಭವ.

ಗೆರೆ ದಾಟಿದವರಿಗೆ ಕೂಡಲೇ ದಂಡವಾಗುವುದಿಲ್ಲ ಎಂಬುದೇ ಇಲ್ಲಿಯ ದೊಡ್ಡ ಅಪಾಯ. ವಿದ್ಯಾರ್ಥಿಯೊಬ್ಬನು ಅಸೆಂಬ್ಲಿ ಭಾಷೆಯಲ್ಲಿ ಉಪವಿಧಿಯನ್ನು ಬರೆದು, ಆರ್-೪ನ್ನು ಕಾಪಾಡದೆ ಬಳಸಿಬಿಟ್ಟನೆಂದು ಭಾವಿಸಿರಿ. ಕರೆದವನು ಆ ಹೊತ್ತಿಗೆ ಆರ್-೪ರಲ್ಲಿ ಏನನ್ನೂ ಇಟ್ಟಿರದಿದ್ದರೆ ಎಲ್ಲವೂ ಸರಿಯಾಗಿ ನಡೆಯುತ್ತದೆ. ಪರೀಕ್ಷಿಸುವಾಗ ಕಂಪೈಲರಿಗೆ ‘ಚುರುಕು ಬೇಡ’ ಎಂದು ಹೇಳಿರುವುದು ವಾಡಿಕೆ. ಆಗ ಅದು ಎಣಿಕೆಗಳನ್ನೆಲ್ಲ ಹಗೇವಿನಲ್ಲಿಯೇ ಇಡುವುದರಿಂದ ತಪ್ಪು ಹೊರಬೀಳದು. ಕೊನೆಗೆ ಯಂತ್ರಕ್ಕೆ ಅಳವಡಿಸುವಾಗ ‘ಚುರುಕಾಗಿ ಮಾಡು’ ಎಂದೊಡನೆ ಕಂಪೈಲರು ಎಣಿಕೆಯೊಂದನ್ನು ಆರ್-೪ಕ್ಕೆ ತರುತ್ತದೆ. ಮುಟ್ಟದ ಉಪವಿಧಿ ಹಾಗೆಯೇ ಇದೆ, ಕರೆದವನ ಎಣಿಕೆ ಕೆಟ್ಟಿದೆ! ಹುಡುಗನು ಕೆಟ್ಟ ಜಾಗದಲ್ಲಿ ಹುಡುಕುತ್ತಾನೆ. ಕಾರಣವಿರುವುದು ತಿಂಗಳ ಹಿಂದೆ ಬರೆದು ಮರೆತ ಉಪವಿಧಿಯಲ್ಲಿ.

ಈಗ ‘ಸಮಯ’ದ ಇನ್ನೊಂದು ಅರ್ಥಕ್ಕೆ ಬರೋಣ. ರಿಯಲ್ ಟೈಮ್ ಆಪರೇಟಿಂಗ್ ಸಿಸ್ಟಮ್ ಎಂಬುದನ್ನು ಕಾಲಬದ್ಧ ಕಾರ್ಯವ್ಯವಸ್ಥೆ ಎನ್ನಬಹುದು. ಕಾಲಬದ್ಧವೆಂದರೆ ಅತಿವೇಗದ್ದು ಎಂದು ತಿಳಿಯುವವರೇ ಹೆಚ್ಚು. ಅದು ಸರಿಯಲ್ಲ. ಖಾನಾಪುರವು ಜೇಡಿಮಣ್ಣಿಗೂ ಹಂಚು ಮಡಕೆಗಳಿಗೂ ಹೆಸರಾದ ಊರು. ಹಂಚಿನ ಆವಿಗೆಯ ಕಾವು ಗಂಟೆಗಳ ಲೆಕ್ಕದಲ್ಲಿ ಏರಿ ಇಳಿಯುವುದು. ಅದನ್ನು ನಿಯಂತ್ರಿಸುವ ಯಂತ್ರವು ನಿಮಿಷಕ್ಕೊಮ್ಮೆ ನೋಡಿದರೂ ಸಾಕು. ಬೆಳಗಾವಿಯ ಉದ್ಯಮಬಾಗದಲ್ಲಿ ಎರಕದ ಬಿಡಿಭಾಗಗಳನ್ನು ಕಡೆಯುವ ಗಣಕನಿಯಂತ್ರಿತ ಲೇಥುಗಳಲ್ಲಿ ಉಳಿಯ ಸ್ಥಾನವನ್ನು ಸೆಕೆಂಡಿನ ಸಾವಿರದಲ್ಲೊಂದು ಭಾಗದಷ್ಟು ಕಿರಿಯ ಅವಧಿಗೊಮ್ಮೆ ನೋಡಿ ತಿದ್ದಬೇಕಾಗುತ್ತದೆ. ಎರಡೂ ಕಾಲಬದ್ಧವೇ. ಗೊತ್ತುಪಡಿಸಿದ ಕಾಲವನ್ನು ಎಂದೂ ಮೀರದಿರುವುದೇ ಅಲ್ಲಿಯ ಲಕ್ಷಣ. ಲೇಥಿನಲ್ಲಿ ಒಮ್ಮೆ ಮೀರಿದರೂ ಉಕ್ಕಿನ ತುಂಡು ಕೆಡುತ್ತದೆ, ಉಳಿ ಮುರಿಯುತ್ತದೆ, ಪಕ್ಕದಲ್ಲಿ ನಿಂತವನ ಕೈಗೂ ಗಂಡಾಂತರ.

ಕಾಲವನ್ನು ಮೀರದಿರುವುದಕ್ಕಾಗಿ ಪ್ರೊಸೆಸರಿಗೆ ಇಂಟರಪ್ಟ್ ಎಂಬ ಏರ್ಪಾಡು ಇದೆ. ನಡೆಯುತ್ತಿರುವ ಕೆಲಸವನ್ನು ಎಲ್ಲಿದ್ದರಲ್ಲಿ ನಿಲ್ಲಿಸಿ ತುರ್ತಿನದನ್ನು ಮಾಡಿಸುವ ಕೂಗು ಅದು. ಕರೆಯ ಸಮಯಕ್ಕೆ ನಿಜವಾದ ಪರೀಕ್ಷೆ ಬರುವುದು ಇಲ್ಲಿಯೇ. ಉಪಾಧ್ಯಾಯರು ವಾಕ್ಯದ ನಡುವೆ ಇದ್ದಾಗ ಜವಾನನು ತುರ್ತು ಸೂಚನೆಯನ್ನು ತಂದು ಹಲಗೆಯ ಮೇಲೆ ಬರೆಯತೊಡಗಿದನೆನ್ನಿ. ಉಪಾಧ್ಯಾಯರು ಅವನನ್ನು ಕರೆದಿರಲಿಲ್ಲ. ಆದುದರಿಂದ ಎಡಭಾಗದಲ್ಲಿದ್ದುದನ್ನು ಬರೆದಿಟ್ಟುಕೊಂಡೂ ಇಲ್ಲ. ಜವಾನನೋ, ಎಡಭಾಗವು ಬಂದವರಿಗೆ ಬಿಟ್ಟ ಜಾಗವೆಂಬ ನಿಯಮವನ್ನು ನಂಬಿ ಒರೆಸಿಬಿಡುತ್ತಾನೆ. ಇಬ್ಬರೂ ಸಮಯವನ್ನು ಮುರಿದಿಲ್ಲ, ಆದರೂ ಪಾಠ ಕೆಟ್ಟಿತು. ಇಬ್ಬರ ಒಡಂಬಡಿಕೆಯು ಕರೆಯದೆ ಬಂದ ಮೂರನೆಯವನ ವಿಷಯದಲ್ಲಿ ಸಾಲದು.

ಇದಕ್ಕೆ ಯಂತ್ರನಿರ್ಮಾಪಕರು ಕೊಟ್ಟ ಉತ್ತರಗಳು ಒಂದೇ ಬಗೆಯವಲ್ಲ. ೮೦೫೧ರಲ್ಲಿ ಎಂಟೆಂಟು ರಿಜಿಸ್ಟರುಗಳ ನಾಲ್ಕು ಗುಂಪುಗಳಿವೆ. ಜವಾನನಿಗೆ ಬೇರೆ ಹಲಗೆಯನ್ನೇ ಕೊಟ್ಟಂತೆ. ಆರ್ಮ್-೭ರಲ್ಲಿ ಎಡಭಾಗವನ್ನು ಕಾಪಾಡುವ ಕೆಲಸವು ಬರೆಯುವವನ ತಲೆಯ ಮೇಲೆಯೇ ಇತ್ತು. ಇಂಟರಪ್ಟಿನ ವಿಧಿಗೆ ವಿಶೇಷ ಗುರುತು ಹಾಕಬೇಕು, ಮರಳುವಾಗ ವಿಳಾಸದಿಂದ ನಾಲ್ಕನ್ನು ಕಳೆಯಬೇಕು. ಮರೆತವನ ಯಂತ್ರ ದಿಕ್ಕೆಡುತ್ತಿತ್ತು. ೨೦೦೪ರಲ್ಲಿ ಪ್ರಕಟವಾದ ಕಾರ್ಟೆಕ್ಸ್ ಎಂ-೩ ಎಂಬ ಪ್ರೊಸೆಸರಿನಲ್ಲಿ ಕೊಟ್ಟ ಉತ್ತರವು ನನಗೆ ತುಂಬ ಮೆಚ್ಚಿಗೆಯಾದುದು. ಅಲ್ಲಿ ಜವಾನನು ಹೊಸ್ತಿಲು ದಾಟುವಷ್ಟರಲ್ಲಿ ಬಾಗಿಲೇ ಎಡಭಾಗವನ್ನು ನಕಲು ಮಾಡಿಡುತ್ತದೆ! ಆರ್-೦ದಿಂದ ಆರ್-೩, ಆರ್-೧೨, ಲಿಂಕ್ ರಿಜಿಸ್ಟರು, ಮರಳಬೇಕಾದ ವಿಳಾಸ, ಸ್ಥಿತಿ ರಿಜಿಸ್ಟರು, ಹೀಗೆ ಎಂಟು ಗೂಡುಗಳನ್ನು ಯಂತ್ರವೇ ಹಗೇವಿಗೆ ಇಳಿಸುತ್ತದೆ. ಬಲಭಾಗವನ್ನು ಅದು ಮುಟ್ಟುವುದಿಲ್ಲ. ಬಂದವನು ಹಳೆಯ ನಿಯಮದಂತೆ ತಾನೇ ಅದನ್ನು ಕಾಪಾಡುವನಷ್ಟೆ. ಕರೆಯುವವನ ಪಾಲಿನ ಹೊಣೆಯನ್ನು ಯಂತ್ರವು ಹೊತ್ತುದರಿಂದ ಇಂಟರಪ್ಟಿನ ವಿಧಿಯನ್ನು ಸಾಮಾನ್ಯ ಉಪವಿಧಿಯಂತೆಯೇ ಬರೆಯಬಹುದು. ಬೇಗ ಉತ್ತರಿಸುವ ಸ್ಮೃತಿಕೋಶವಿದ್ದಲ್ಲಿ ಇಷ್ಟಕ್ಕೆ ತಗಲುವುದು ೧೨ ಗಡಿಯಾರ ಮಿಡಿತಗಳು. ಸೆಕೆಂಡಿಗೆ ೭೨ ದಶಲಕ್ಷ ಮಿಡಿತಗಳ ಯಂತ್ರದಲ್ಲಿ ಅದು ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗದ ಆರನೆಯ ಒಂದು ಪಾಲು.

ಮರಳುವಾಗಲೂ ಇಂತಹ ಚಮತ್ಕಾರವುಂಟು. ಬಂದವನ ಕೈಚೀಲದಲ್ಲಿ ಯಂತ್ರವು ಮರಳುವ ವಿಳಾಸವನ್ನು ಇಡದೆ, ಯಾವ ಸ್ಥಳದ ವಿಳಾಸವೂ ಅಲ್ಲದ ಒಂದು ವಿಶೇಷ ಸಂಖ್ಯೆಯನ್ನು ಇಡುತ್ತದೆ. ವಿಧಿಯು ಅದನ್ನು ವಿಳಾಸವೆಂದೇ ನಂಬಿ ಅಲ್ಲಿಗೆ ಹೊರಡುವುದು. ಯಂತ್ರವು ಗುರುತು ಹಿಡಿದು, ಹಗೇವಿನಿಂದ ಎಂಟನ್ನೂ ತೆಗೆದು ಹಲಗೆಯನ್ನು ಮೊದಲಿನಂತೆ ಮಾಡಿ, ನಿಂತ ವಾಕ್ಯದಿಂದಲೇ ಪಾಠವನ್ನು ಮುಂದುವರಿಸುವುದು.

ಹಿಂದೆ ನೆನಪಿಡಬೇಕೆಂದು ಹೇಳಿದ ವೀಲರನ ದೋಷವು ಈಗ ಮರಳಿ ಬರುತ್ತದೆ. ೮೦೫೧ರ ಒಳಗಿನ ಸ್ಮೃತಿ ಬರಿಯ ೧೨೮ ಬೈಟುಗಳು. ಹಗೇವು ತೀರ ಕಿರಿದಾಗಿರುವುದರಿಂದ ಕೈಲ್ ಕಂಪೈಲರು ಪ್ರತಿ ಉಪವಿಧಿಯ ಸ್ವಂತ ಎಣಿಕೆಗಳಿಗೂ ಒಂದು ಸ್ಥಿರವಾದ ಜಾಗವನ್ನು ಗೊತ್ತುಮಾಡುತ್ತದೆ. ಒಬ್ಬನೇ ಕೆಲಸ ಮಾಡುವಷ್ಟು ಕಾಲ ಇದರಿಂದ ಹಾನಿಯಿಲ್ಲ. ಕಾಲಬದ್ಧ ವ್ಯವಸ್ಥೆಯಲ್ಲಿ ಒಂದು ಕಾರ್ಯವು ಉಪವಿಧಿಯ ನಡುವೆ ಇದ್ದಾಗ ಮತ್ತೊಂದು ಕಾರ್ಯವು ಅದೇ ಉಪವಿಧಿಯನ್ನು ಹೊಕ್ಕರೆ ಮೊದಲಿನದರ ಎಣಿಕೆ ಅಳಿಸಿಹೋಗುತ್ತದೆ. ಅಂತಹ ಉಪವಿಧಿಗೆ ‘ರೀಎಂಟ್ರಂಟ್’ ಎಂಬ ಗುರುತನ್ನು ಬರೆಯುವವನೇ ಹಾಕಿ, ಬೇರೆ ಹಗೇವನ್ನು ಕೇಳಿ ಪಡೆಯಬೇಕು. ವರ್ಷಗಟ್ಟಲೆ ಸರಿಯಾಗಿ ನಡೆದ ಯಂತ್ರವು ಒಂದು ದಿನ ಇದ್ದಕ್ಕಿದ್ದಂತೆ ತಪ್ಪಿತೆಂದರೆ, ಎರಡು ಕಾರ್ಯಗಳು ಆ ದಿನ ಮೊದಲ ಬಾರಿಗೆ ಒಂದೇ ಹೊಸ್ತಿಲಲ್ಲಿ ಎದುರಾದುವೆಂಬ ಅನುಮಾನಕ್ಕೆ ಎಡೆಯುಂಟು.

ಕಾರ್ಟೆಕ್ಸ್ ಎಂ-೩ರ ಮೇಲೆ ನಡೆಯುವ ಫ್ರೀ-ಆರ್‌ಟಾಸ್ ಎಂಬ ವ್ಯವಸ್ಥೆಯನ್ನು ನಮ್ಮ ಹುಡುಗರು ಯಾರ ಅಪ್ಪಣೆಯೂ ಇಲ್ಲದೆ ಉಚಿತವಾಗಿ ತೆರೆದು ಓದಬಹುದು. ಅಲ್ಲಿ ಪ್ರತಿಯೊಂದು ಕಾರ್ಯಕ್ಕೂ ಸ್ವಂತ ಹಗೇವು ಇದೆ. ಕಾರ್ಯವನ್ನು ಬದಲಿಸುವುದೆಂದರೆ ಜವಾನನು ಬಂದು ಹೋದಂತಲ್ಲ, ಬೇರೊಬ್ಬ ಉಪಾಧ್ಯಾಯರು ಪೂರ್ತಿ ತರಗತಿಯನ್ನೇ ವಹಿಸಿಕೊಂಡಂತೆ. ಹೋಗುವವರು ಮತ್ತೆ ಯಾವಾಗ ಬರುವರೋ ತಿಳಿಯದು. ಆದುದರಿಂದ ಎಡಭಾಗದ ಎಂಟನ್ನು ಯಂತ್ರವು ಇಳಿಸಿದ ಮೇಲೆ ಬಲಭಾಗದ ಎಂಟನ್ನು, ಅಂದರೆ ಆರ್-೪ರಿಂದ ಆರ್-೧೧ರ ವರೆಗಿನವನ್ನು, ವ್ಯವಸ್ಥೆಯು ತಾನೇ ಅದೇ ಹಗೇವಿಗೆ ಇಳಿಸುತ್ತದೆ. ಒಟ್ಟು ೧೬ ಗೂಡುಗಳು, ೬೪ ಬೈಟುಗಳು. ಬಳಿಕ ಹಗೇವಿನ ಬಾಯಿ ಎಲ್ಲಿದೆಯೆಂದು ಬರೆದಿಟ್ಟುಕೊಂಡು, ಮುಂದಿನ ಕಾರ್ಯದ ಹಗೇವನ್ನು ತೆರೆದು, ವಿಲೋಮಕ್ರಮದಲ್ಲಿ ಹದಿನಾರನ್ನೂ ಎತ್ತುತ್ತದೆ. ಹಗೇವುಗಳ ಅಳತೆಯನ್ನು ಮೊದಲೇ ಗೊತ್ತುಮಾಡಬೇಕು. ಕಿರಿದಾದರೆ ಒಂದರ ಕಾಳು ಪಕ್ಕದ್ದಕ್ಕೆ ಚೆಲ್ಲುತ್ತದೆ.

ಇನ್ನು ಒಂದು ಪ್ರಶ್ನೆ ಉಳಿಯುತ್ತದೆ. ಅದನ್ನು ನನ್ನ ಮುಂದಿಟ್ಟವನು ಖಾನಾಪುರದ ಕಡೆಯ ಒಬ್ಬ ವಿದ್ಯಾರ್ಥಿಯೇ. ಎಲ್ಲ ಕಾರ್ಯಗಳೂ ಹೀಗೆ ಮರಳುವುದರಿಂದಲೇ ಮುಂದುವರಿಯುವುದಾದರೆ, ಇನ್ನೂ ಒಮ್ಮೆಯೂ ನಡೆಯದ ಹೊಸ ಕಾರ್ಯವು ಮೊದಲ ಸಲ ಹೇಗೆ ಹೊರಡುತ್ತದೆ? ಅದಕ್ಕೆ ವ್ಯವಸ್ಥೆಯು ಒಂದು ಕಲ್ಪಿತ ಭೂತಕಾಲವನ್ನು ಸೃಷ್ಟಿಸುತ್ತದೆ. ಆ ಕಾರ್ಯವು ಹಿಂದೊಮ್ಮೆ ನಡೆಯುತ್ತಿದ್ದಾಗ ಯಾರೋ ತಡೆದಂತೆ ತೋರುವ ಹಾಗೆ ಹೊಸ ಹಗೇವಿನಲ್ಲಿ ಹದಿನಾರು ಗೂಡುಗಳಿಗೂ ಜಾಗವನ್ನು ಮೊದಲೇ ಸಜ್ಜುಗೊಳಿಸಿಡುತ್ತದೆ. ಆರ್-೦ದ ಜಾಗದಲ್ಲಿ ಕಾರ್ಯಕ್ಕೆ ಕೊಡತಕ್ಕ ಸಾಮಗ್ರಿ, ಮರಳುವ ವಿಳಾಸದ ಜಾಗದಲ್ಲಿ ಕಾರ್ಯದ ಮೊದಲ ಸಾಲಿನ ವಿಳಾಸ. ಯಂತ್ರವು ಎಂದಿನಂತೆ ಮರಳುತ್ತದೆ, ಕಾರ್ಯವು ಎಂದೂ ಇರದಿದ್ದ ಸ್ಥಳಕ್ಕೆ ಮರಳಿ ಬರುವುದರ ಮೂಲಕವೇ ಆರಂಭವಾಗುತ್ತದೆ. ಆ ಕಾರ್ಯಕ್ಕೆ ಕರೆದವನು ಇಲ್ಲ. ಆದುದರಿಂದ ಅದು ಮುಗಿದು ಮರಳುವಂತೆಯೂ ಇಲ್ಲ. ಬರೆದವನು ಮರೆತು ಮರಳಿಸಿದನೆಂದರೆ ಹೋಗಿ ಸಿಕ್ಕಿಬೀಳಲೆಂದು ಲಿಂಕ್ ರಿಜಿಸ್ಟರಿನ ಜಾಗದಲ್ಲಿ ವ್ಯವಸ್ಥೆಯವರು ತಪ್ಪನ್ನು ಹಿಡಿಯುವ ಒಂದು ಉಪವಿಧಿಯ ವಿಳಾಸವನ್ನು ಇಟ್ಟಿರುತ್ತಾರೆ. ಅದು ಅಲ್ಲಿಯೇ ಸುತ್ತುತ್ತಿರುತ್ತದೆ, ಯಾರಾದರೂ ಬಂದು ನೋಡುವವರೆಗೆ.